ಬರೀ ಸೋಂಕಾ, ಸೆಪ್ಸಿಸ್ಸಾ? ಬರೀ ಶುಗರ್ರಾ, ಶುಗರ್‌ನಿಂದ ಕಿಡ್ನಿ ಹೋಯ್ತಾ? ಕೋಡ್ ಆರಿಸುವವರಿಗೆ ಒಂದು ಹೋಲಿಕೆ

ಮೆಡಿಕಲ್ ಕೋಡಿಂಗ್ ಕೆಲಸಕ್ಕೆ, ಅಂದರೆ ರೋಗಿಯ ದಾಖಲೆ (ಚಾರ್ಟ್) ಓದಿ ಕಾಯಿಲೆಗಳಿಗೆ ಬಿಲ್‌ಗೆ ಬೇಕಾದ ಕೋಡ್ ಹಾಕುವ ಕೆಲಸಕ್ಕೆ, ಸೇರಿ ಮೂರು ತಿಂಗಳಾಗಿತ್ತು. ನಾನು ಮಾಡಿದ ಒಂದು ಚಾರ್ಟ್ ಆಡಿಟ್‌ನಿಂದ ವಾಪಸ್ ಬಂತು. ಅಮೆರಿಕದ ಯಾವುದೋ ಆಸ್ಪತ್ರೆ, ಎಂಬತ್ತು ದಾಟಿದ ಅಜ್ಜಿ, ಜ್ವರ, ಮಂಕು, ಮೂತ್ರದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಟೆಸ್ಟ್) ಇ. ಕೋಲೈ ಬ್ಯಾಕ್ಟೀರಿಯಾ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರ್ ಬರೆದದ್ದು ಒಂದೇ ಪದ, ಯೂರೋಸೆಪ್ಸಿಸ್. ಹೆಸರಲ್ಲೇ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹವೇ ಕೆಡುವ ಸ್ಥಿತಿ) ಇದೆಯಲ್ಲ, ಇನ್ನೇನು ಬೇಕು ಅಂತ ಇ. ಕೋಲೈ ಸೆಪ್ಸಿಸ್‌ನ ಎ41.51 ಹಾಕಿ, ಪಕ್ಕಕ್ಕೆ ಮೂತ್ರದ ಸೋಂಕಿನ ಎನ್39.0 ಸೇರಿಸಿ, ಟಾರ್ಗೆಟ್ ಮುಗಿಸುವ ಅವಸರದಲ್ಲಿ ಮುಂದಿನ ಚಾರ್ಟ್ ತೆಗೆದಿದ್ದೆ. ಆಡಿಟರ್ ಬರೆದ ಟಿಪ್ಪಣಿಯಲ್ಲಿ ಎರಡೇ ಪದ ಇದ್ದವು: "ಕ್ವೆರಿ ಎಲ್ಲಿ?" ಕ್ವೆರಿ ಅಂದರೆ ಸ್ಪಷ್ಟವಿಲ್ಲದ್ದನ್ನು ಡಾಕ್ಟರಿಗೆ ಬರೆದು ಕೇಳುವುದು.

ಯೂರೋಸೆಪ್ಸಿಸ್‌ಗೆ ಕೋಡ್ ಪುಸ್ತಕದ ಇಂಡೆಕ್ಸ್‌ನಲ್ಲಿ ಕೋಡೇ ಇಲ್ಲ. ಅದು ಸೆಪ್ಸಿಸ್ ಅಂತಲೂ ಲೆಕ್ಕವಿಲ್ಲ, ಬರೀ ಮೂತ್ರದ ಸೋಂಕು ಅಂತಲೂ ಲೆಕ್ಕವಿಲ್ಲ. ಆ ಪದ ಕಂಡರೆ ಡಾಕ್ಟರನ್ನು ಕೇಳಲೇಬೇಕು ಅಂತ ಗೈಡ್‌ಲೈನ್‌ನಲ್ಲೇ ಬರೆದಿದ್ದಾರೆ. ನಾನು ಗೈಡ್‌ಲೈನ್ ಓದಿದ್ದೆ, ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಆದರೆ ರೋಗಿಗೆ ಏನಾಗಿದೆ ಅಂತ ನನಗೆ ಅರ್ಥವಾದರೆ ಸಾಕು ಅಂದುಕೊಂಡಿದ್ದೆ. ಸಾಲದು. ಡಾಕ್ಟರ್ ಅದನ್ನು ಬರೆದಿರಬೇಕು. ಕೆಳಗೆ ಬರುವ ಜೋಡಿಗಳಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಉತ್ತರ ಸಿಗುವುದು ಡಾಕ್ಟರ್ ಬರೆದ ಪದದಲ್ಲಿ. ನಡುನಡುವೆ ಒಂದೆರಡು ಕಡೆ ಮಾತ್ರ ಈ ಮಾತು ಮುರಿಯುತ್ತದೆ, ಅದನ್ನೂ ಹೇಳುತ್ತೇನೆ.

ಇದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಅಮೆರಿಕದ ಚಾರ್ಟ್ ಓದುವವರಿಗೆ, ಅಥವಾ ಈಗಷ್ಟೇ ಕೋರ್ಸ್ ಸೇರಿದವರಿಗೆ. ಅಂದರೆ ಐಸಿಡಿ-10-ಸಿಎಂ (ಮುಂದೆ ಬರೀ ಸಿಎಂ), 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಕೋಡ್ ಪಟ್ಟಿ. 70,000ಕ್ಕೂ ಜಾಸ್ತಿ ಕೋಡ್‌ಗಳಿವೆ. ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತಾಪತ್ರಯ: ಇ11 ಅಂದರೆ ಸಕ್ಕರೆ ಕಾಯಿಲೆ, ಐ11 ಅಂದರೆ ಬಿಪಿ ಮತ್ತು ಹೃದಯ. ಓದುವಾಗ ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ.

ಮೊದಲು ನೋಡಬೇಕಾದ್ದು: ಅಡ್ಮಿಟ್ ಆಗಿದ್ದರಾ, ಬಂದು ಹೋದರಾ?

ಡಾಕ್ಟರ್ "ನ್ಯುಮೋನಿಯಾ ಇರಬಹುದು" ಅಂತ ಬರೆದಿದ್ದಾರೆ ಅಂದುಕೊಳ್ಳಿ. ರೋಗಿ ಅಡ್ಮಿಟ್ ಆಗಿದ್ದು, ಡಿಸ್ಚಾರ್ಜ್ ಹೊತ್ತಿಗೂ ಅದೇ ಅನುಮಾನ ಉಳಿದಿದ್ದರೆ, ನ್ಯುಮೋನಿಯಾ ಇದೆ ಅಂತಲೇ ಕೋಡ್ ಮಾಡಬೇಕು, ಜೆ18.9. ಅದೇ ರೋಗಿ ಕ್ಲಿನಿಕ್‌ಗೆ ಬಂದು ಮಾತ್ರೆ ಬರೆಸಿಕೊಂಡು ಮನೆಗೆ ಹೋಗಿದ್ದರೆ ನ್ಯುಮೋನಿಯಾ ಕೋಡ್ ಹಾಕುವ ಹಾಗಿಲ್ಲ. ಕೆಮ್ಮು, ಜ್ವರ ಅಂತ ಲಕ್ಷಣಗಳನ್ನಷ್ಟೇ ಹಾಕಬೇಕು, ಆರ್05.9, ಆರ್50.9. ಒಂದೇ ವಾಕ್ಯ, ಎರಡು ಕೋಡ್. ಔಟ್‌ಪೇಷೆಂಟ್‌ನಿಂದ ಇನ್‌ಪೇಷೆಂಟ್ ಕೆಲಸಕ್ಕೆ ಬದಲಾದವರು ಮೊದಲ ತಿಂಗಳಲ್ಲಿ ಎಡವುವುದು ಇಲ್ಲೇ.

ಈ ನಿಯಮಕ್ಕೂ ಹೊರಗುಳಿದ ಸೋಂಕುಗಳಿವೆ. ಎಚ್‌ಐವಿ, ಕೋವಿಡ್, ಝಿಕಾ, ಮತ್ತೆ ವೈರಸ್ ಯಾವುದು ಅಂತ ಗುರುತಿಸಿದ ಫ್ಲೂ. ಇವುಗಳಲ್ಲಿ ಅಡ್ಮಿಟ್ ಆದವರಿಗೂ "ಇರಬಹುದು" ನಡೆಯುವುದಿಲ್ಲ, ಖಚಿತವಾಗಿದ್ದರೆ ಮಾತ್ರ ಕೋಡ್. ಹಕ್ಕಿಜ್ವರ ಅಂತ ಬರೀ ಅನುಮಾನ ಇದ್ದರೆ ಜೆ09 ಮುಟ್ಟಬೇಡಿ, ಜೆ11ಕ್ಕೆ ಹೋಗಿ.

ಎನ್39.0, ಆರ್78.81, ಎ41: ಮೂತ್ರದ ಸೋಂಕು, ರಕ್ತದಲ್ಲಿ ಬ್ಯಾಕ್ಟೀರಿಯಾ, ಸೆಪ್ಸಿಸ್

ಈ ಮೂರರ ನಡುವೆ ಆರಿಸುವುದೇ ಇನ್‌ಪೇಷೆಂಟ್ ಕೋಡರ್‌ನ ಅರ್ಧ ಜೀವನ. ಸೋಂಕು ಮೂತ್ರದ ಹಾದಿಯಲ್ಲೇ ಇದೆ, ಅದರಲ್ಲಿ ಎಲ್ಲಿ ಅಂತ ಡಾಕ್ಟರ್ ಹೇಳಿಲ್ಲ ಅಂದರೆ ಎನ್39.0. ಮೂತ್ರಕೋಶ ಅಂತ ಹೇಳಿದ್ದರೆ ಎನ್30ರ ಸಾಲಿಗೆ ಹೋಗಬೇಕು. ಕಿಡ್ನಿಯವರೆಗೆ ಏರಿದ ತೀವ್ರ ಸೋಂಕು ಅಂದರೆ ಎನ್10. ರಕ್ತದ ಕಲ್ಚರ್ ಪಾಸಿಟಿವ್ ಬಂದು, ಡಾಕ್ಟರ್ "ಬ್ಯಾಕ್ಟೀರೀಮಿಯಾ" ಅಂತಷ್ಟೇ ಬರೆದಿದ್ದರೆ ಆರ್78.81. ಅದು ಲಕ್ಷಣಗಳ ಅಧ್ಯಾಯದ ಕೋಡ್, ಸೆಪ್ಸಿಸ್‌ಗೆ ಸಮ ಅಲ್ಲ. ಸೆಪ್ಸಿಸ್ ಅನ್ನುವ ಪದವನ್ನು ಡಾಕ್ಟರ್ ಬರೆದಿದ್ದರೆ ಮಾತ್ರ ಎ41. ಆಗ ಕಲ್ಚರ್ ನೆಗೆಟಿವ್ ಬಂದರೂ ಎ41ಕ್ಕೆ ತೊಂದರೆಯಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ರಿಪೋರ್ಟ್ ಪಾಸಿಟಿವ್ ಇದ್ದೂ ಪದ ಇಲ್ಲದಿದ್ದರೆ ಕೋಡ್ ಇಲ್ಲ, ರಿಪೋರ್ಟ್ ನೆಗೆಟಿವ್ ಇದ್ದೂ ಪದ ಇದ್ದರೆ ಕೋಡ್ ಇದೆ. ವಿಚಿತ್ರ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು.

ಇನ್ನು ಕ್ರಮ. ಅಡ್ಮಿಟ್ ಆಗುವಾಗಲೇ ಸೆಪ್ಸಿಸ್ಸೂ ಮೂತ್ರದ ಸೋಂಕೂ ಎರಡೂ ಇದ್ದವು ಅಂದರೆ ಸೆಪ್ಸಿಸ್ ಮೊದಲು, ಸೋಂಕು ಆಮೇಲೆ. ಬರೀ ಸೋಂಕಿನಿಂದ ಅಡ್ಮಿಟ್ ಆಗಿ, ಮೂರನೇ ದಿನ ಸೆಪ್ಸಿಸ್ ಆದರೆ ತಿರುವುಮುರುವು: ಸೋಂಕು ಮೊದಲು, ಸೆಪ್ಸಿಸ್ ಆಮೇಲೆ. ಸೆಪ್ಸಿಸ್ ಯಾವಾಗ ಶುರುವಾಯಿತು ಅನ್ನುವುದು ಚಾರ್ಟ್‌ನಲ್ಲಿ ಸ್ಪಷ್ಟವಿಲ್ಲದಿದ್ದರೆ ಊಹೆ ಮಾಡಬೇಡಿ. ಈ ಒಂದು ಕ್ರಮದ ಮೇಲೆ ಇಡೀ ಬಿಲ್ ಬದಲಾಗುತ್ತದೆ. ಎನ್39.0 ಮೊದಲಿದ್ದರೆ ಸಾಮಾನ್ಯವಾಗಿ ಡಿಆರ್‌ಜಿ (ಆಸ್ಪತ್ರೆಗೆ ಎಷ್ಟು ದುಡ್ಡು ಅಂತ ನಿರ್ಧರಿಸುವ ಗುಂಪು) 689 ಅಥವಾ 690, ಎ41 ಮೊದಲಿದ್ದರೆ 871 ಅಥವಾ 872. ಸೆಪ್ಸಿಸ್ ಗುಂಪಿಗೆ ದುಡ್ಡು ಜಾಸ್ತಿ. ಅದಕ್ಕೇ ವಿಮೆಯವರು ಸೆಪ್ಸಿಸ್ ಚಾರ್ಟ್‌ಗಳನ್ನು ಭೂತಗನ್ನಡಿ ಇಟ್ಟುಕೊಂಡು ನೋಡುತ್ತಾರೆ.

ಸೆಪ್ಸಿಸ್‌ನಿಂದ ಅಂಗಾಂಗ ಕೈಕೊಟ್ಟಿದ್ದರೆ ಆರ್65.20, ಶಾಕ್‌ಗೆ (ಬಿಪಿ ತೀರಾ ಕುಸಿಯುವ ಸ್ಥಿತಿ) ಹೋಗಿದ್ದರೆ ಆರ್65.21. ಇವೆರಡೂ ಯಾವತ್ತೂ ಮೊದಲ ಸ್ಥಾನಕ್ಕೆ ಬರುವಂತಿಲ್ಲ. ಇ. ಕೋಲೈ ಸೆಪ್ಸಿಸ್, ಮೂತ್ರದ ಸೋಂಕು, ಅದರಿಂದ ಕಿಡ್ನಿ ದಿಢೀರನೆ ಕೈಕೊಟ್ಟಿದೆ ಅಂತಿದ್ದರೆ ಎ41.51, ಎನ್39.0, ಆರ್65.20, ಎನ್17.9. ಇಲ್ಲಿ "ಅದರಿಂದ" ಅನ್ನುವ ಪದಕ್ಕೆ ತುಂಬಾ ತೂಕ. ಸೆಪ್ಸಿಸ್ ಒಂದು ಸಾಲಿನಲ್ಲಿ, ಕಿಡ್ನಿ ಐದು ಸಾಲು ಕೆಳಗೆ, ನಡುವೆ ಸಂಬಂಧ ಹೇಳಿಲ್ಲ ಅಂದರೆ ನೀವು ಸೇತುವೆ ಕಟ್ಟಬೇಡಿ, ಕೇಳಿ. ಕಿಡ್ನಿ ನೀರಿಲ್ಲದೆ ಸೊರಗಿಯೂ ಕೈಕೊಟ್ಟಿರಬಹುದು.

ಒಂದು ಪಕ್ಕದ ಮಾತು. 2016ರಲ್ಲಿ ಸೆಪ್ಸಿಸ್-3 ಅಂತ ಹೊಸ ವ್ಯಾಖ್ಯೆ ಬಂತು. ಅದರ ಪ್ರಕಾರ ಅಂಗಾಂಗ ವೈಫಲ್ಯ ಇದ್ದರೇನೇ ಸೆಪ್ಸಿಸ್. ಹಳೆಯ ಲೆಕ್ಕದಲ್ಲಿ ಜ್ವರ, ನಾಡಿ, ಉಸಿರು, ಬಿಳಿ ರಕ್ತಕಣ ಇವುಗಳಲ್ಲಿ ಎರಡು ಏರುಪೇರಾಗಿ ಜೊತೆಗೆ ಸೋಂಕಿದ್ದರೆ ಸಾಕಿತ್ತು. ಡಾಕ್ಟರ್ ಹಳೆಯದನ್ನು ನಂಬುತ್ತಾರೆ, ವಿಮೆಯವರು ಹೊಸದನ್ನು ಹಿಡಿದುಕೊಂಡು ಕ್ಲೇಮ್ ತಿರಸ್ಕರಿಸುತ್ತಾರೆ, ನಡುವೆ ಕೋಡರ್. ನಮ್ಮ ಕೆಲಸ ಡಾಕ್ಟರ್ ಬರೆದದ್ದನ್ನು ಕೋಡ್ ಮಾಡುವುದು. ಬರೆದದ್ದಕ್ಕೂ ಚಾರ್ಟ್‌ನ ಅಂಕಿಗಳಿಗೂ ತಾಳಮೇಳ ಇಲ್ಲ ಅನ್ನಿಸಿದರೆ ಸುಮ್ನೆ ಕೋಡ್ ಅಳಿಸುವುದಲ್ಲ, ಮೇಲಿನವರಿಗೆ ತಿಳಿಸಿ ಕ್ವೆರಿ ಕಳಿಸುವುದು.

ಕ್ಯಾಥಿಟರ್ (ಮೂತ್ರ ಹೋಗಲು ಇಡುವ ನಳಿಕೆ) ಹಾಕಿದ್ದರಿಂದಲೇ ಸೋಂಕಾಯಿತು ಅಂತ ಡಾಕ್ಟರ್ ಬರೆದಿದ್ದರೆ ಟಿ83.511ಎ ಮುಂದೆ ಬರುತ್ತದೆ. ಕ್ಯಾಥಿಟರ್ ಇತ್ತು, ಸೋಂಕೂ ಇತ್ತು ಅನ್ನುವುದಷ್ಟೇ ಸಾಲದು. ಈ ಕೋಡ್ ಆಸ್ಪತ್ರೆಯ ಹೆಸರಿಗೇ ಕಪ್ಪುಚುಕ್ಕೆ ಆಗಬಹುದು, ಹಾಗಾಗಿ ಎರಡು ಸಲ ಓದಿ.

ಲ್ಯಾಬ್ ರಿಪೋರ್ಟ್ ನಂಬಬೇಕಾ?

ಕಫದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂದಿದೆ. ಡಾಕ್ಟರ್ ಬರೆದಿರುವುದು ಬರೀ ನ್ಯುಮೋನಿಯಾ. ಜೆ15.0 ಹಾಕಬೇಕಾ, ಜೆ18.9 ಹಾಕಬೇಕಾ? ಜೆ18.9. ಕೈ ತುರಿಸುತ್ತದೆ, ಗೊತ್ತು. ಆ ಬ್ಯಾಕ್ಟೀರಿಯಾ ಗಂಟಲಲ್ಲಿ ಸುಮ್ನೆ ಕೂತಿತ್ತಾ, ಶ್ವಾಸಕೋಶವನ್ನು ಕೆಡಿಸಿತ್ತಾ ಅಂತ ಹೇಳಬೇಕಾದವರು ಡಾಕ್ಟರ್. ಮೂತ್ರದ ಸೋಂಕಿಗೆ ಇ. ಕೋಲೈ ಕಾರಣ ಅಂತ ಅವರು ಬರೆದರೆ ಎನ್39.0 ಜೊತೆ ಬಿ96.20. ಬರೆಯದಿದ್ದರೆ ಎನ್39.0 ಒಂಟಿ.

ಎಂಆರ್‌ಎಸ್‌ಎಯಲ್ಲಿ (ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಒಂದು ಬ್ಯಾಕ್ಟೀರಿಯಾ) ಇನ್ನೊಂದು ಗೊಂದಲ. ಎಂಆರ್‌ಎಸ್‌ಎ ನ್ಯುಮೋನಿಯಾಗೆ ಜೆ15.212, ಸೆಪ್ಸಿಸ್‌ಗೆ ಎ41.02. ಎರಡರಲ್ಲೂ ರೋಗಾಣು ಕೋಡಿನೊಳಗೇ ಇದೆ, ಅದಕ್ಕೆ ಬಿ95.62 ಮತ್ತೆ ಸೇರಿಸಬೇಡಿ. ಗಾಯದ ಸೋಂಕಿನಂಥ ಕಡೆ, ಕೋಡಿನೊಳಗೆ ರೋಗಾಣು ಇಲ್ಲದಿದ್ದಾಗ, ಬಿ95.62 ಬೇಕು. ಮೂಗಿನ ಸ್ವಾಬ್‌ನಲ್ಲಿ ಸಿಕ್ಕಿದೆ, ಕಾಯಿಲೆ ಏನೂ ಇಲ್ಲ, ಡಾಕ್ಟರ್ ಅದನ್ನು ವಾಹಕ ಅಂತ ಬರೆದಿದ್ದಾರೆ ಅಂದರೆ ಝಡ್22.322.

ಕೋವಿಡ್ ಒಂದರಲ್ಲಿ ಮಾತ್ರ ಬಾಗಿಲು ಸ್ವಲ್ಪ ತೆರೆದಿದೆ. ಡಾಕ್ಟರ್ ಖಚಿತವಾಗಿ ಬರೆದಿದ್ದರೂ ಸರಿ, ಪಾಸಿಟಿವ್ ಟೆಸ್ಟ್ ದಾಖಲೆಯಲ್ಲಿದ್ದರೂ ಸರಿ, ಯು07.1 ಹಾಕಬಹುದು. ಇದನ್ನು ಬೇರೆ ಸೋಂಕುಗಳಿಗೆ ಎಳೆದುಕೊಂಡು ಹೋಗಬೇಡಿ.

ಬಿ20 ಅಥವಾ ಝಡ್21

ಎಚ್‌ಐವಿ ಇದೆ, ಲಕ್ಷಣ ಏನೂ ಇಲ್ಲ, ಅದರಿಂದ ಬಂದ ಕಾಯಿಲೆಯೂ ಇಲ್ಲ: ಝಡ್21. ಏಡ್ಸ್ ಅಂತ ಬರೆದಿದ್ದಾರೆ, ಅಥವಾ ಎಚ್‌ಐವಿಯಿಂದ ಬಂದ ಕಾಯಿಲೆಗೆ ಚಿಕಿತ್ಸೆ ನಡೆದಿದೆ: ಬಿ20. ಒಮ್ಮೆ ಬಿ20 ಆದವರು ಮತ್ತೆ ಎಷ್ಟೇ ಆರೋಗ್ಯವಾಗಿದ್ದರೂ ಝಡ್21ಕ್ಕೆ ವಾಪಸ್ ಬರುವಂತಿಲ್ಲ, ಹಾಗಾಗಿ ಹಳೆಯ ದಾಖಲೆ ನೋಡದೆ ಝಡ್21 ಒತ್ತಬೇಡಿ. ಟೆಸ್ಟ್ ಫಲಿತಾಂಶ ಅಸ್ಪಷ್ಟವಾಗಿದ್ದರೆ ಆರ್75. ತಪ್ಪಾಗಿ ಬಿ20 ಹಾಕಿದರೆ ಅದು ಬರೀ ಆಡಿಟ್ ಅಂಕದ ವಿಷಯವಲ್ಲ, ಒಬ್ಬ ಮನುಷ್ಯನ ದಾಖಲೆಯಲ್ಲಿ ಕೂರುವ ವಿಷಯ.

ಹಳೆಯ ಸೋಂಕು, ಮಲಗಿರುವ ಸೋಂಕು, ವರ್ಷಗಟ್ಟಲೆ ಇರುವ ಸೋಂಕು

ಕ್ಷಯ ಒಂದನ್ನೇ ನೋಡಿ. ಶ್ವಾಸಕೋಶದಲ್ಲಿ ಈಗ ಕ್ಷಯ ಇದೆ, ಎ15.0. ದೇಹದಲ್ಲಿ ಮಲಗಿದೆ, ಕಾಯಿಲೆ ಮಾಡಿಲ್ಲ, ಝಡ್22.7. ಚರ್ಮದ ಟೆಸ್ಟ್ ಮಾತ್ರ ಪಾಸಿಟಿವ್, ಆರ್76.11. ಹಿಂದೆ ಬಂದು ವಾಸಿಯಾಗಿದೆ, ಝಡ್86.11. ವಾಸಿಯಾಗಿದೆ ಆದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಬಿಟ್ಟು ಹೋಗಿ ಈಗ ಅದೇ ತೊಂದರೆ ಕೊಡುತ್ತಿದೆ, ಆಗ ಆ ತೊಂದರೆಯ ಕೋಡ್ ಜೊತೆ ಬಿ90.9. ಅಮೆರಿಕಕ್ಕೆ ವಲಸೆ ಹೋದ ನಮ್ಮವರ ಚಾರ್ಟ್‌ಗಳಲ್ಲಿ ಚರ್ಮದ ಟೆಸ್ಟ್‌ನ ಸಾಲು ಆಗಾಗ ಕಾಣುತ್ತದೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಆ ಟೆಸ್ಟ್ ಸುಮ್ಮಸುಮ್ಮನೆ ಪಾಸಿಟಿವ್ ಬರುವುದುಂಟು. ಅದನ್ನು ನೋಡಿ ಎ15 ಹಾಕಿದ ಚಾರ್ಟ್ ಒಂದನ್ನು ನಾನೇ ತಿದ್ದಿದ್ದೇನೆ.

ಹೆಪಟೈಟಿಸ್ ಬಿ ವಾಹಕ ಅಂತ ಬರೆದಿದ್ದರೆ ಸಿಎಂ ಪಟ್ಟಿಯಲ್ಲಿ ಅದು ಬಿ18.1ಕ್ಕೆ, ಅಂದರೆ ದೀರ್ಘಕಾಲದ ಹೆಪಟೈಟಿಸ್ ಬಿಗೇ ಹೋಗುತ್ತದೆ. ಹೆಪಟೈಟಿಸ್ ಸಿ ಈಗಲೂ ಇದ್ದರೆ ಬಿ18.2. ಮಾತ್ರೆಯಿಂದ ಪೂರ್ತಿ ವಾಸಿಯಾಗಿದೆ ಅಂದರೆ ಝಡ್86.19. "ಹಿಸ್ಟರಿ ಆಫ್" ಅಂತ ಬರೆಯುವ ಚಟ ಡಾಕ್ಟರ್‌ಗಳಿಗೆ ಬಹಳ. ಇವತ್ತಿಗೂ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿರುವವರಿಗೂ "ಹಿಸ್ಟರಿ ಆಫ್ ಡಯಾಬಿಟಿಸ್" ಅಂತ ಬರೆಯುತ್ತಾರೆ. ಕೋಡಿಂಗ್‌ನಲ್ಲಿ ಹಿಸ್ಟರಿ ಅಂದರೆ ಮುಗಿದ ಕಥೆ. ಔಷಧಿ ನಡೆಯುತ್ತಿದೆಯಾ ಅಂತ ಮಾತ್ರೆ ಪಟ್ಟಿ ನೋಡಿ, ಹೊಂದದಿದ್ದರೆ ಕೇಳಿ.

ಶುಗರ್: ಇ11.9 ಅನ್ನುವ ಸೋಮಾರಿ ಕೋಡ್

ಟೈಪ್ ಬರೆದಿಲ್ಲ ಅಂದರೆ ಇ11, ಅಂದರೆ ಟೈಪ್ 2. ಇನ್ಸುಲಿನ್ ತಗೊಳ್ಳುತ್ತಿದ್ದರೂ ಅಷ್ಟೇ. ಇನ್ಸುಲಿನ್ ಅಂದ ತಕ್ಷಣ ಇ10ಕ್ಕೆ, ಅಂದರೆ ಟೈಪ್ 1ಕ್ಕೆ, ಓಡುವುದು ಹೊಸಬರ ಹುಟ್ಟುಗುಣ. ಇನ್ಸುಲಿನ್‌ಗೆ ಝಡ್79.4, ಮಾತ್ರೆಗೆ ಝಡ್79.84, ಎರಡೂ ಇದ್ದರೆ ಎರಡೂ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಶುಗರ್ ಇಳಿಸಲು ಕೊಟ್ಟ ಇನ್ಸುಲಿನ್‌ಗೆ ಝಡ್79.4 ಇಲ್ಲ.

ಇ11.9 ಅಂದರೆ ಯಾವ ತೊಡಕೂ ಇಲ್ಲದ ಶುಗರ್. ಹತ್ತು ವರ್ಷ ಶುಗರ್ ಇರುವವರ ಚಾರ್ಟ್‌ನಲ್ಲಿ ಇದೊಂದೇ ಕಂಡರೆ ನನಗೆ ಅನುಮಾನ ಬರುತ್ತದೆ, ಪೂರ್ತಿ ಓದಿದ್ದಾರಾ ಅಂತ. ಇಲ್ಲಿಯೇ ನಾನು ಮೊದಲು ಹೇಳಿದ ಮಾತು ಸ್ವಲ್ಪ ಮುರಿಯುತ್ತದೆ. ಇಂಡೆಕ್ಸ್‌ನಲ್ಲಿ ಡಯಾಬಿಟಿಸ್ ಕೆಳಗೆ "ವಿತ್" ಅಂತ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿ ಹೆಸರಿರುವ ತೊಡಕು ಚಾರ್ಟ್‌ನಲ್ಲಿದ್ದರೆ, ಡಾಕ್ಟರ್ "ಶುಗರ್‌ನಿಂದ" ಅಂತ ಬರೆಯದಿದ್ದರೂ ಸಂಬಂಧ ಇದೆ ಅಂತಲೇ ಲೆಕ್ಕ. ಶುಗರ್ ಇದೆ, ದೀರ್ಘಕಾಲದ ಕಿಡ್ನಿ ಕಾಯಿಲೆ ಇದೆ, ಅಂದರೆ ಇ11.22. ಬೇರೆ ಕಾರಣದಿಂದ ಅಂತ ಡಾಕ್ಟರ್ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಿಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ ಈ ಸವಲತ್ತು ಇಲ್ಲ. ಕಾಲಿನ ಚರ್ಮ ಕೆಂಪಗೆ ಊದಿಕೊಂಡ ಸೆಲ್ಯುಲೈಟಿಸ್ ಅದರಲ್ಲಿಲ್ಲ, ಹಾಗಾಗಿ ಎಲ್03 ಬೇರೆ, ಇ11 ಬೇರೆ, ಡಾಕ್ಟರ್ ಜೋಡಿಸುವವರೆಗೆ.

"ಅನ್‌ಕಂಟ್ರೋಲ್ಡ್" ಅಂತ ಬರೆದಿದ್ದರೆ ನಿಲ್ಲಿ. ಶುಗರ್ ಏರಿದೆಯಾ, ಇಳಿದಿದೆಯಾ? ಏರಿದ್ದರೆ ಇ11.65, ಪ್ರಜ್ಞೆ ತಪ್ಪದೆ ಇಳಿದಿದ್ದರೆ ಇ11.649. ಆ ಪದ ಎರಡನ್ನೂ ಹೇಳಬಹುದು. "ಪೂರ್ಲಿ ಕಂಟ್ರೋಲ್ಡ್" ಅಂತ ಬರೆದಿದ್ದರೆ ಮಾತ್ರ ಕೇಳುವ ಗೋಜಿಲ್ಲ, ಇಂಡೆಕ್ಸ್ ನೇರವಾಗಿ ಏರಿದ ಶುಗರ್‌ಗೇ ಕಳಿಸುತ್ತದೆ.

ಸೋಂಕು ಮತ್ತು ಶುಗರ್ ಎರಡೂ ಒಂದೇ ಕಾಲಿನಲ್ಲಿ ಸೇರಿದರೆ ಇನ್ನೂ ಮಜಾ. ಪಾದದ ಹುಣ್ಣಿಗೆ ಇ11.621, ಹುಣ್ಣು ಎಲ್ಲಿ, ಎಷ್ಟು ಆಳ ಅಂತ ಎಲ್97ರಿಂದ ಇನ್ನೊಂದು. ಮೂಳೆಗೆ ಸೋಂಕು ಇಳಿದಿದ್ದರೆ ಇ11.69 ಜೊತೆ ಎಂ86. ಗ್ಯಾಂಗ್ರೀನ್ ಆಗಿದ್ದರೆ ಇ11.52. ಹುಣ್ಣಿನ ಆಳವನ್ನು ನರ್ಸ್ ಬರೆದದ್ದರಿಂದಲೂ ತೆಗೆದುಕೊಳ್ಳಬಹುದು, ಇದು ಇನ್ನೊಂದು ವಿನಾಯಿತಿ. ಆದರೆ ಹುಣ್ಣು ಇದೆ ಅಂತ ಡಾಕ್ಟರೇ ಬರೆದಿರಬೇಕು.

ಬಿಪಿ: ಐ10 ಎಷ್ಟು ಹೊತ್ತು ಐ10 ಆಗಿರುತ್ತದೆ?

ಬರೀ ಬಿಪಿ ಇದ್ದಷ್ಟು ಹೊತ್ತು. ಹೃದಯ ವೈಫಲ್ಯ ಸೇರಿದ ಕೂಡಲೇ ಐ11.0, ಜೊತೆಗೆ ಐ50ರಿಂದ ಒಂದು. ದೀರ್ಘಕಾಲದ ಕಿಡ್ನಿ ಕಾಯಿಲೆ ಸೇರಿದರೆ ಐ12.9, ಜೊತೆಗೆ ಎನ್18ರಿಂದ ಹಂತ. ಹಂತ 5 ಅಥವಾ ಕೊನೆಯ ಹಂತ ಅಂದರೆ ಐ12.0. ಮೂರೂ ಇದ್ದರೆ ಐ13. ಇಲ್ಲಿಯೂ ಸಂಬಂಧ ಇದೆ ಅಂತಲೇ ಹಿಡಿಯಬೇಕು, ಡಾಕ್ಟರ್ ಬರೆಯುವುದಕ್ಕೆ ಕಾಯಬೇಕಿಲ್ಲ. ಆದರೆ ಹೃದಯದ ಕಾಯಿಲೆ ಅಂದ ಕೂಡಲೇ ಎಲ್ಲವನ್ನೂ ಸೇರಿಸಬೇಡಿ. ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ ಐ25.10, ಎದೆಬಡಿತ ಏರುಪೇರಾಗುವ ಐ48, ಇವು ಬಿಪಿಯ ಐ10 ಪಕ್ಕದಲ್ಲಿ ಬೇರೆಯಾಗಿಯೇ ಇರುತ್ತವೆ. ದಿಢೀರನೆ ಬಂದ ಕಿಡ್ನಿ ತೊಂದರೆ, ಎನ್17, ಅದು ಕೂಡ ಐ12ಕ್ಕೆ ಕಾರಣವಾಗುವುದಿಲ್ಲ.

ದಿನಾ ಕಾಣುವ ಚಾರ್ಟ್: ಶುಗರ್ ಟೈಪ್ 2, ಬಿಪಿ, ಕಿಡ್ನಿ ಹಂತ 3ಎ. ಇ11.22, ಐ12.9, ಎನ್18.31. ಎನ್18.31 ಎರಡಕ್ಕೂ ಸೇರಿ ಒಂದೇ ಸಲ. 2020ರ ಅಕ್ಟೋಬರ್‌ನಿಂದ ಹಂತ 3 ಮೂರು ಕೋಡ್ ಆಗಿದೆ: 3ಎಗೆ ಎನ್18.31, 3ಬಿಗೆ ಎನ್18.32, ಹೇಳದಿದ್ದರೆ ಎನ್18.30. ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂಕಿ) 52 ಅಂತ ಲ್ಯಾಬ್‌ನಲ್ಲಿ ಕಂಡರೂ ಹಂತವನ್ನು ನೀವು ಲೆಕ್ಕ ಹಾಕುವಂತಿಲ್ಲ. ಕೂಡಿ ಕಳೆಯುವುದು ನಮಗೆ ಬರುವುದಿಲ್ಲ ಅಂತಲ್ಲ, ಅದು ನಮ್ಮ ಸಹಿ ಇರುವ ಜಾಗ ಅಲ್ಲ.

ಹಳೆಯದು ಉಲ್ಬಣಿಸಿದಾಗ ಒಂದು ಕೋಡಾ, ಎರಡಾ ಅನ್ನುವುದು ಕಾಯಿಲೆ ಮೇಲೆ ಹೋಗುತ್ತದೆ. ಕಿಡ್ನಿಗೆ ಎರಡು, ಎನ್17 ಮತ್ತು ಎನ್18. ಸಿಸ್ಟೋಲಿಕ್ ಹೃದಯ ವೈಫಲ್ಯಕ್ಕೆ ಒಂದೇ, ಐ50.23. ಸಿಒಪಿಡಿಯಲ್ಲಿ (ಉಸಿರು ಕಟ್ಟಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎದೆಯ ಸೋಂಕು ಸೇರಿದರೆ ಜೆ44.0, ಉಲ್ಬಣಿಸಿದರೆ ಜೆ44.1, ಎರಡೂ ಆಗಿದ್ದರೆ ಎರಡೂ ಹಾಕಬಹುದು, ಮತ್ತೆ ನ್ಯುಮೋನಿಯಾಗೆ ಅದರದೇ ಕೋಡ್.

ನಮ್ಮ ಆಸ್ಪತ್ರೆಯ ಐಸಿಡಿ, ಅಮೆರಿಕದ ಐಸಿಡಿ

ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ಎಂಆರ್‌ಡಿ ವಿಭಾಗದಲ್ಲಿ ಕೆಲಸ ಮಾಡಿ ಆಮೇಲೆ ಕೋಡಿಂಗ್ ಕಂಪನಿಗೆ ಬಂದವರಿಗೆ ಇದು ಬೇಕು. ನಮ್ಮಲ್ಲಿ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಮೂರು ನಾಲ್ಕು ಅಕ್ಷರಕ್ಕೆ ಮುಗಿಯುತ್ತದೆ. ಸಿಎಂನಲ್ಲಿ ಏಳರವರೆಗೆ ಹೋಗುತ್ತದೆ. ಟೈಫಾಯ್ಡ್ ನಮ್ಮಲ್ಲಿ ಎ01.0, ಅಲ್ಲಿ ಎ01.00. ಕಫದಲ್ಲಿ ಖಚಿತವಾಗದ ಕ್ಷಯಕ್ಕೆ ನಮ್ಮಲ್ಲಿ ಎ16 ಇದೆ, ಸಿಎಂನಲ್ಲಿ ಎ16 ಅನ್ನುವುದೇ ಇಲ್ಲ. ಡೆಂಗಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಎ90, ಎ91 ತೆಗೆದು ಎ97 ತಂದಿತು, ಅಮೆರಿಕದವರು ಎ90, ಎ91ನ್ನೇ ಇಟ್ಟುಕೊಂಡಿದ್ದಾರೆ. ಕೈ ಪಳಗಿದ ಕೋಡ್‌ಗಳನ್ನು ನೆನಪಿನಿಂದ ಹೊಡೆಯಬೇಡಿ, ಟ್ಯಾಬ್ಯುಲರ್ (ಕೋಡ್‌ಗಳನ್ನು ಕ್ರಮವಾಗಿ ಕೊಟ್ಟಿರುವ ಪಟ್ಟಿ) ತೆಗೆದು ನೋಡಿ.

ಎರಡೂ ಪಟ್ಟಿಯಲ್ಲಿ ಒಂದೇ ಆಗಿ ಉಳಿದಿರುವ ಒಂದು ಕೋಡ್ ನನಗೆ ಇಷ್ಟ, ಎ98.2. ನಮ್ಮ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಆ ಕಾಡಿನ ಹೆಸರೇ ಕೋಡ್ ಪುಸ್ತಕದಲ್ಲಿ ಇವತ್ತಿಗೂ ಇದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅದನ್ನು ಬಳಸುವ ಚಾರ್ಟ್ ನನಗೆ ಬಂದಿಲ್ಲ. ಬರುವುದೂ ಬೇಡ.

ಕೇಳಬೇಕಾ, ಇದ್ದದ್ದರಲ್ಲಿ ಮುಗಿಸಬೇಕಾ?

ಎಲ್ಲದಕ್ಕೂ ಕ್ವೆರಿ ಕಳಿಸಿದರೆ ಡಾಕ್ಟರ್ ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ. ಶುಗರ್‌ನ ಟೈಪ್ ಇಲ್ಲದ್ದಕ್ಕೆ ಡೀಫಾಲ್ಟ್ ಇದೆ, ಅದಕ್ಕಾಗಿ ಚಾರ್ಟ್ ತಡೆಹಿಡಿಯುವುದರಲ್ಲಿ ಅರ್ಥವಿಲ್ಲ. ಸೆಪ್ಸಿಸ್, ಅದು ಶುರುವಾದ ಹೊತ್ತು, ಅಂಗಾಂಗದ ಸಂಬಂಧ, ಯೂರೋಸೆಪ್ಸಿಸ್, ಇವಕ್ಕೆ ತಪ್ಪದೆ ಕೇಳಿ. ಕೇಳುವಾಗ "ಇದು ಸೆಪ್ಸಿಸ್ ಅಲ್ವಾ ಸರ್" ಅಂತ ಬಾಯಿಗೆ ಮಾತು ತುರುಕಬಾರದು. ಜ್ವರ ಇಷ್ಟಿತ್ತು, ಲ್ಯಾಕ್ಟೇಟ್ ಇಷ್ಟಿತ್ತು, ಈ ಆ್ಯಂಟಿಬಯೋಟಿಕ್ ಕೊಟ್ಟಿದ್ದೀರಿ, ರೋಗನಿರ್ಣಯ ಏನು ಅಂತ ಅಂಕಿ ಇಟ್ಟು, ಆಯ್ಕೆಗಳಲ್ಲಿ "ಬೇರೆ" ಮತ್ತು "ಹೇಳಲಾಗದು" ಎರಡನ್ನೂ ಸೇರಿಸಿ. ದುಡ್ಡಿನ ಮಾತು ಕ್ವೆರಿಯಲ್ಲಿ ಬರಲೇಬಾರದು.

ಇನ್ನೊಂದು, ಪ್ರತಿ ಅಕ್ಟೋಬರ್‌ನಲ್ಲಿ ಯಾರಾದರೂ ಕೇಳುವ ಪ್ರಶ್ನೆ. ಕೋಡ್ ಪಟ್ಟಿ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ, ಕೆಲವು ವರ್ಷ ಏಪ್ರಿಲ್ 1ಕ್ಕೂ ಒಂದಿಷ್ಟು ಸೇರುತ್ತವೆ. ಸೆಪ್ಟೆಂಬರ್ 28ಕ್ಕೆ ಅಡ್ಮಿಟ್ ಆಗಿ ಅಕ್ಟೋಬರ್ 2ಕ್ಕೆ ಡಿಸ್ಚಾರ್ಜ್ ಆದವರಿಗೆ ಯಾವ ವರ್ಷದ್ದು? ಡಿಸ್ಚಾರ್ಜ್ ದಿನದ್ದು, ಅಂದರೆ ಹೊಸದು. ಔಟ್‌ಪೇಷೆಂಟ್ ಆದರೆ ಡಾಕ್ಟರ್ ನೋಡಿದ ದಿನದ್ದು. ನೀವು ಚಾರ್ಟ್ ತೆರೆದ ದಿನ ಲೆಕ್ಕಕ್ಕಿಲ್ಲ.